ನಕ್ಷೆಯೂ ಅಂಕಿಗಳ ವಿಳಾಸವೂ

ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಬರೆದವರಿಗೆಲ್ಲ ಒಂದು ಕ್ರಮ ಗೊತ್ತಿರುತ್ತದೆ. ಅಳತೆಗಳ ಕೋಷ್ಟಕ ಒಂದು ಪುಟದಲ್ಲಿ. ಆ ಅಳತೆಗಳಿಂದ ಎಳೆದ ನಕ್ಷೆ ಅದರ ಸಮೀಪದಲ್ಲಿಯೇ ಅಂಟಿಸಿದ ಗ್ರಾಫ್ ಕಾಗದದಲ್ಲಿ. ನಕ್ಷೆಯ ಒಂದು ಬಿಂದುವಿನ ಮೇಲೆ ಪರೀಕ್ಷಕರಿಗೆ ಸಂದೇಹ ಬಂದರೆ ಅವರು ಪುಟವನ್ನು ಮಗುಚಿ ಕೋಷ್ಟಕವನ್ನು ನೋಡುತ್ತಾರೆ. ಪುಸ್ತಕ ಎಲ್ಲಿಗೆ ಹೋದರೂ ನಕ್ಷೆಯೂ ಅಂಕಿಗಳೂ ಜೊತೆಯಾಗಿಯೇ ಹೋಗುತ್ತವೆ. ಈ ಜೊತೆಯಿಂದಲೇ ನಕ್ಷೆಗೆ ಸಾಕ್ಷ್ಯದ ಬೆಲೆ ಬರುತ್ತದೆ.

ಇಂದು ಈ ಕೆಲಸದ ಬಹುಭಾಗವನ್ನು ಗಣಕಯಂತ್ರ ವಹಿಸಿಕೊಂಡಿದೆ. ನೋಟ್‌ಬುಕ್ ಎಂಬ ಹೆಸರಿನ ತಂತ್ರಾಂಶಗಳಲ್ಲಿ ವಿವರಣೆ, ಲೆಕ್ಕ, ನಕ್ಷೆ ಇವು ಮೂರನ್ನೂ ಒಂದೇ ಹಾಳೆಯ ಮೇಲೆ ಕೂಡಿಸಬಹುದು. ಹೆಸರು ಹಳೆಯದೇ, ಆದರೆ ಹಳೆಯ ಪುಸ್ತಕದ ಗುಣ ಹೆಸರಿನೊಡನೆ ತಾನಾಗಿ ಬಂದಿಲ್ಲ. ಹೊಸ ನೋಟ್‌ಬುಕ್ಕಿನ ನಕ್ಷೆ ತನ್ನ ಅಂಕಿಗಳನ್ನು ತನ್ನೊಳಗೇ ಇಟ್ಟುಕೊಂಡಿರಬಹುದು. ಇಲ್ಲವೆ, ಅಂಕಿಗಳು ಇಂಥ ಕಡೆ ಇವೆ ಎಂಬ ವಿಳಾಸವನ್ನು ಮಾತ್ರ ಹೊತ್ತಿರಬಹುದು. ಈ ವಿಳಾಸಕ್ಕೆ ಯು.ಆರ್.ಎಲ್. ಎಂದು ಹೆಸರು. ಆ ವಿಳಾಸವು ನಕ್ಷೆಯನ್ನು ಬರೆದವರ ಸ್ವಂತ ಯಂತ್ರದೊಳಗಿನ ಕಡತವೊಂದನ್ನು ತೋರಿಸುತ್ತಿದ್ದರೆ ಏನಾಗುವುದು? ಹಾಗೆ ಮಾಡುವುದು ಉಚಿತವೆ? ವಿದ್ಯಾರ್ಥಿಗಳ ಕೆಲಸದ ಮಟ್ಟಿಗೆ ಅಂಕಿಗಳು ನಕ್ಷೆಯೊಳಗೇ ಇರಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಎದುರುಪಕ್ಷದಲ್ಲಿ ಹೇಳಬಹುದಾದ ಮಾತುಗಳನ್ನೂ ಇಲ್ಲಿ ವಿಚಾರಮಾಡೋಣ.

ಬ್ರಹ್ಮಗಿರಿಯ ಬಂಡೆ

ವಿಷಯವನ್ನೇ ಕಳುಹಿಸುವುದಕ್ಕೂ ವಿಷಯವಿರುವ ಜಾಗವನ್ನು ತಿಳಿಸುವುದಕ್ಕೂ ಇರುವ ಭೇದ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಇದನ್ನು ಮನಗಾಣಲು ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗಿಂತ ಉತ್ತಮವಾದ ಸ್ಥಳವಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯ ಕಿರುಶಾಸನವೊಂದನ್ನು ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಯಲಾಯಿತು. ಇದೇ ಶಾಸನದ ಪ್ರತಿಗಳು ಹತ್ತಿರದ ಸಿದ್ದಾಪುರದಲ್ಲಿಯೂ ಜಟಿಂಗರಾಮೇಶ್ವರ ಬೆಟ್ಟದಲ್ಲಿಯೂ ಇವೆ. ಬಿ. ಎಲ್. ರೈಸ್ ಅವರು ಇವನ್ನು ೧೮೯೨ರಲ್ಲಿ ಪ್ರಕಟಿಸಿ ವಿದ್ವಲ್ಲೋಕದ ಗಮನಕ್ಕೆ ತಂದರು.

ಈ ಶಾಸನದ ಆರಂಭ ಬಲು ಸ್ವಾರಸ್ಯವಾದುದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ, ಆಮೇಲೆ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಆಜ್ಞೆ ಯಾರಿಂದ ಹೊರಟಿತು, ಯಾವ ಕಚೇರಿಯ ಮೂಲಕ ಹಾದುಬಂತು, ಯಾರಿಗೆ ಸೇರತಕ್ಕದ್ದು ಎಂಬುದೆಲ್ಲ ಅಲ್ಲಿ ದಾಖಲೆಯಾಗಿದೆ. ಕೊನೆಯಲ್ಲಿ ಬರೆದ ಲಿಪಿಕಾರನಾದ ಚಪಡನ ಹೆಸರೂ ಇದೆ. ಲಿಪಿಕಾರನೆಂಬ ಮಾತನ್ನು ಅವನು ವಾಯವ್ಯ ದಿಕ್ಕಿನ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ವಿಳಾಸವೂ ಉಂಟು, ಮೂಲದ ಉಲ್ಲೇಖವೂ ಉಂಟು. ಅವುಗಳ ಜೊತೆಗೆ ವಿಷಯವೂ ಪೂರ್ತಿಯಾಗಿ ಉಂಟು.

ಸುವರ್ಣಗಿರಿಯ ಅಧಿಕಾರಿಗಳು ಹೀಗೆ ಮಾಡದೆ, ‘ಚಕ್ರವರ್ತಿಯ ಆಜ್ಞೆ ನಮ್ಮ ಕಚೇರಿಯಲ್ಲಿದೆ, ಬೇಕಾದವರು ಬಂದು ನೋಡತಕ್ಕದ್ದು’ ಎಂದಿಷ್ಟನ್ನೇ ಬಂಡೆಯ ಮೇಲೆ ಕೆತ್ತಿಸಿದ್ದರೆ ನಮಗೆ ಇಂದು ಏನು ಉಳಿಯುತ್ತಿತ್ತು? ಸುವರ್ಣಗಿರಿ ಯಾವ ಊರೆಂಬ ವಿಷಯದಲ್ಲಿಯೇ ವಿದ್ವಾಂಸರಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ವಿಳಾಸದ ಗುರುತು ಮಸುಕಾಯಿತು. ವಿಷಯ ಮಾತ್ರ ಬಂಡೆಯಲ್ಲಿ ನಿಂತಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನೋಟ್‌ಬುಕ್ಕಿನ ಕಡೆಗೆ ತಿರುಗೋಣ.

ಅಡುಗೆಯವನೂ ಬಡಿಸುವವನೂ

ಈಗ ಹೆಚ್ಚಾಗಿ ಬಳಕೆಯಲ್ಲಿರುವ ನೋಟ್‌ಬುಕ್ಕು ಜುಪಿಟರ್. ಫರ್ನಾಂಡೊ ಪೆರೆಜ್ ಎಂಬವರು ೨೦೦೧ರಲ್ಲಿ ಆರಂಭಿಸಿದ ಐಪೈಥಾನ್ ಎಂಬ ತಂತ್ರಾಂಶದಿಂದ ೨೦೧೪ರಲ್ಲಿ ಇದು ಬೇರೆಯಾಗಿ ರೂಪುಗೊಂಡಿತು. ಜೂಲಿಯ, ಪೈಥಾನ್, ಆರ್ ಎಂಬ ಮೂರು ಗಣಕಭಾಷೆಗಳ ಹೆಸರುಗಳಿಂದ ಅಕ್ಷರಗಳನ್ನು ಆಯ್ದು ಇದರ ಹೆಸರನ್ನು ಕಟ್ಟಿದ್ದಾರೆ. ಇದರೊಳಗೆ ನಕ್ಷೆ ಬರೆಯಲು ಹಲವು ಉಪಕರಣಗಳಿವೆ. ೨೦೧೬ರಲ್ಲಿ ಜೇಕ್ ವ್ಯಾಂಡರ್‌ಪ್ಲಾಸ್ ಮತ್ತು ಬ್ರಯಾನ್ ಗ್ರೇಂಜರ್ ಅವರು ಹೊರತಂದ ಆಲ್ಟೇರ್ ಅವುಗಳಲ್ಲೊಂದು. ನಮ್ಮ ಪ್ರಶ್ನೆ ಸ್ಪಷ್ಟವಾಗಿ ಎದುರಾಗುವುದು ಈ ಬಗೆಯ ಉಪಕರಣಗಳಲ್ಲಿ.

ನೋಟ್‌ಬುಕ್ಕನ್ನು ನೋಡುವವರಿಗೆ ಅದು ಒಂದೇ ಯಂತ್ರದಂತೆ ತೋರುತ್ತದೆ. ವಾಸ್ತವವಾಗಿ ಅಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಒಬ್ಬನು ಲೆಕ್ಕ ಮಾಡುವವನು. ಇವನಿಗೆ ಕರ್ನಲ್ ಎಂದು ಹೆಸರು. ಇನ್ನೊಬ್ಬನು ಫಲಿತಾಂಶವನ್ನು ಪರದೆಯ ಮೇಲೆ ತೋರಿಸುವ ಬ್ರೌಸರು. ‘ಈ ಕಡತವನ್ನು ಓದು’ ಎಂದು ಪೈಥಾನಿನಲ್ಲಿ ಹೇಳಿದರೆ ಅದನ್ನು ಓದುವವನು ಕರ್ನಲ್. ಆದರೆ ಆಲ್ಟೇರಿನಂಥ ಉಪಕರಣಗಳಲ್ಲಿ ನಕ್ಷೆಯನ್ನು ಎಳೆಯುವವನು ಬ್ರೌಸರು. ಕರ್ನಲ್ ನಕ್ಷೆಯ ವಿವರಗಳನ್ನು ಒಂದು ಬರೆಹವಾಗಿ ಸಿದ್ಧಪಡಿಸಿಕೊಡುತ್ತಾನೆ; ಬ್ರೌಸರು ಆ ಬರೆಹವನ್ನು ಓದಿ ಗೆರೆಗಳನ್ನೂ ಬಿಂದುಗಳನ್ನೂ ಮೂಡಿಸುತ್ತಾನೆ.

ಇದನ್ನು ಮದುವೆಯ ಮನೆಯ ಊಟಕ್ಕೆ ಹೋಲಿಸಬಹುದು. ಅಡುಗೆಯವನಿಗೆ ಉಗ್ರಾಣದ ಬೀಗದ ಕೈ ಕೊಟ್ಟಿದ್ದಾರೆ. ಬಡಿಸುವವನಿಗೆ ಉಗ್ರಾಣಕ್ಕೆ ಪ್ರವೇಶವಿಲ್ಲ. ಅವನು ತನ್ನ ಕೈಗೆ ಬಂದುದನ್ನು ಪಂಕ್ತಿಯಲ್ಲಿ ಬಡಿಸಬೇಕು. ಅಡುಗೆಯವನು ಪಾಯಸದ ಪಾತ್ರೆಯನ್ನೇ ಕೊಟ್ಟರೆ ಎಲೆಗೆ ಪಾಯಸ ಬೀಳುತ್ತದೆ. ‘ಪಾಯಸ ಉಗ್ರಾಣದಲ್ಲಿದೆ’ ಎಂದು ಚೀಟಿ ಬರೆದುಕೊಟ್ಟರೆ ಬಡಿಸುವವನು ಏನು ಮಾಡಿಯಾನು? ಅಂಕಿಗಳನ್ನು ನಕ್ಷೆಯ ಬರೆಹದೊಳಗೇ ಸೇರಿಸುವುದು ಪಾತ್ರೆಯನ್ನು ಕೊಟ್ಟಂತೆ. ಕಡತದ ವಿಳಾಸವನ್ನು ಮಾತ್ರ ಸೇರಿಸುವುದು ಚೀಟಿಯನ್ನು ಕೊಟ್ಟಂತೆ.

ಬರಿಯ ಚೌಕಟ್ಟು

ಮೊಳಕಾಲ್ಮೂರಿನ ವಿದ್ಯಾರ್ಥಿನಿಯೊಬ್ಬಳು ತನ್ನ ತಾಲ್ಲೂಕಿನ ದೈನಂದಿನ ಮಳೆಯ ನಕ್ಷೆಯನ್ನು ಬರೆಯಲು ಹೊರಟಳೆಂದು ಭಾವಿಸೋಣ. ವಿಷಯ ಸಣ್ಣದಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿದವು. ಇಲ್ಲಿ ಒಂದು ಹದಮಳೆ ತಪ್ಪಿದರೆ ಶೇಂಗಾದ ಬೆಳೆ ಕೈಬಿಡುತ್ತದೆ. ಬರವನ್ನು ಮೊದಲೇ ಗುರುತಿಸುವ ಉದ್ದೇಶದಿಂದ ಕರ್ನಾಟಕ ಸರಕಾರ ೧೯೮೮ರಲ್ಲಿಯೇ ಬರ ಪರಿವೀಕ್ಷಣೆಗಾಗಿ ಪ್ರತ್ಯೇಕ ಘಟಕವೊಂದನ್ನು ಸ್ಥಾಪಿಸಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಮಳೆಯನ್ನು ತಾನಾಗಿ ಅಳೆದು ವರದಿಮಾಡುವ ಮಾಪಕಗಳನ್ನು ಅದು ಅಳವಡಿಸಿದೆ. ಆದುದರಿಂದ ಅಂಕಿಗಳಿಗೆ ಬಡತನವಿಲ್ಲ. ಅವನ್ನು ಓದಬಲ್ಲ, ಓದಿ ಇತರರಿಗೆ ತೋರಿಸಬಲ್ಲ ಯುವಕ ಯುವತಿಯರು ಬೇಕಾಗಿದ್ದಾರೆ.

ನಮ್ಮ ವಿದ್ಯಾರ್ಥಿನಿ ಮಳೆಯ ಪಟ್ಟಿಯನ್ನು ಒಂದು ಕಡತದಲ್ಲಿಟ್ಟು, ನಕ್ಷೆಯ ಬರೆಹದಲ್ಲಿ ಆ ಕಡತದ ವಿಳಾಸವನ್ನು ಕೊಟ್ಟಿದ್ದಾಳೆ. ಆಕೆಯ ಯಂತ್ರದಲ್ಲಿಯೇ ನಡೆಯುವ ಜುಪಿಟರಿನಲ್ಲಿ, ನೋಟ್‌ಬುಕ್ಕೂ ಕಡತವೂ ಒಂದೇ ಫೋಲ್ಡರಿನಲ್ಲಿರುವಾಗ, ನಕ್ಷೆ ಸಾಮಾನ್ಯವಾಗಿ ಸರಿಯಾಗಿ ಮೂಡುತ್ತದೆ. ನೋಟ್‌ಬುಕ್ಕನ್ನು ನಡೆಸುವ ಸರ್ವರೇ ಆ ಕಡತವನ್ನೂ ಬ್ರೌಸರಿಗೆ ಎತ್ತಿಕೊಡುವುದು ಇದಕ್ಕೆ ಕಾರಣ. ಇದನ್ನು ನೋಡಿ ಆಕೆಗೆ ಕೆಲಸ ಮುಗಿಯಿತೆಂಬ ನಂಬಿಕೆ ಹುಟ್ಟುತ್ತದೆ.

ಅನಂತರ ಅದೇ ನೋಟ್‌ಬುಕ್ಕನ್ನು ಅಂತರ್ಜಾಲದ ಮೂಲಕ ಒದಗುವ ನೋಟ್‌ಬುಕ್ ಸೇವೆಯೊಂದರಲ್ಲಿ ತೆರೆಯುತ್ತಾಳೆ. ಅಲ್ಲಿ ಕರ್ನಲ್ ನಡೆಯುವುದು ಎಲ್ಲೋ ದೂರದ ಯಂತ್ರದಲ್ಲಿ. ಬ್ರೌಸರು ನಡೆಯುವುದು ಆಕೆಯ ಮೇಜಿನ ಮೇಲೆ. ‘ಇಲ್ಲಿರುವ ಕಡತ’ ಎಂದರೆ ಇಬ್ಬರಿಗೂ ಬೇರೆ ಬೇರೆ ಅರ್ಥ. ಕಡತವನ್ನು ಆ ದೂರದ ಯಂತ್ರಕ್ಕೆ ಏರಿಸಿದ್ದರೂ ಬ್ರೌಸರಿಗೆ ಅದು ಸಿಕ್ಕದೆ ಹೋಗಬಹುದು. ಆಗ ಪರದೆಯ ಮೇಲೆ ಕಾಣುವುದು ಅಕ್ಷರೇಖೆಗಳ ಬರಿಯ ಚೌಕಟ್ಟು. ಒಳಗೆ ಒಂದು ಬಿಂದುವೂ ಇಲ್ಲ. ತಪ್ಪು ಇಂಥದೆಂದು ಹೇಳುವ ಸಾಲೂ ಹಾಳೆಯ ಮೇಲೆ ಬರುವುದಿಲ್ಲ. ಎಚ್ಚರಿಕೆ ಬಂದಿರುವುದು, ಸಾಮಾನ್ಯ ವಿದ್ಯಾರ್ಥಿ ಎಂದೂ ತೆರೆಯದ, ಬ್ರೌಸರಿನ ಒಳಕೋಣೆಯಂಥ ಒಂದು ಕಿಟಕಿಯಲ್ಲಿ.

ಇನ್ನೂ ಒಂದು ಸಂದರ್ಭ ನೋಡಿ. ಆಕೆ ನಕ್ಷೆಯನ್ನು ವೆಬ್ ಪುಟವಾಗಿ ಉಳಿಸಿ, ಮಳೆಯ ಕಡತವನ್ನೂ ಅದರ ಪಕ್ಕದಲ್ಲಿಯೇ ಇಟ್ಟು, ಎರಡನ್ನೂ ಪೆನ್‌ಡ್ರೈವಿನಲ್ಲಿ ಅಧ್ಯಾಪಕರಿಗೆ ಕೊಡುತ್ತಾಳೆ. ಅವರು ಪುಟವನ್ನು ನೇರವಾಗಿ ತೆರೆದಾಗಲೂ ಇಂದಿನ ಬ್ರೌಸರುಗಳು ಪಕ್ಕದ ಕಡತವನ್ನು ಓದಲು ಒಪ್ಪುವುದಿಲ್ಲ. ಕ್ರೋಮ್ ಈ ವಿಷಯದಲ್ಲಿ ಕಟ್ಟುನಿಟ್ಟು. ಫೈರ್‌ಫಾಕ್ಸ್ ೨೦೧೯ರವರೆಗೆ ಒಂದೇ ಫೋಲ್ಡರಿನ ಕಡತಗಳಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ಆ ವರ್ಷ ಹಿಂತೆಗೆದುಕೊಂಡಿತು. ಅಧ್ಯಾಪಕರಿಗೆ ದೊರೆಯುವುದು ಮತ್ತೆ ಅದೇ ಚೌಕಟ್ಟು.

ಇದರಿಂದಾಗುವ ನಷ್ಟವನ್ನು ಸ್ವಲ್ಪ ಯೋಚಿಸಿ. ನಕ್ಷೆ ಪೂರ್ತಿ ಒಡೆದುಹೋದಂತೆ ಕಂಡಿದ್ದರೆ ಯಾರಾದರೂ ಕಾರಣವನ್ನು ಹುಡುಕುತ್ತಿದ್ದರು. ಬರಿದಾದ ಚೌಕಟ್ಟು ಮಾತ್ರ, ‘ಈ ಅವಧಿಯಲ್ಲಿ ಮಳೆಯೇ ಬಿದ್ದಿಲ್ಲ’ ಎಂದು ಹೇಳುವಂತೆಯೂ ತೋರಬಹುದು. ಬರಗಾಲದ ಸೀಮೆಯಲ್ಲಿ ಇದು ನಂಬಲು ಕಷ್ಟವಾದ ಸುಳ್ಳೂ ಅಲ್ಲ. ಅಂಕಿಯಿಲ್ಲದಿರುವುದಕ್ಕೂ ಅಂಕಿಯು ಸೊನ್ನೆಯಾಗಿರುವುದಕ್ಕೂ ಇರುವ ಅಂತರವನ್ನು ಅಳಿಸಿಬಿಡುವ ನಕ್ಷೆ ವಿಜ್ಞಾನಕ್ಕೆ ಅಪಾಯಕಾರಿ.

ಬ್ರೌಸರಿನ ನಿರಾಕರಣೆ ತಪ್ಪೆ?

ಇಷ್ಟು ಹೇಳಿದ ಮೇಲೆ ಬ್ರೌಸರನ್ನು ದೂರಬೇಕೆನಿಸುವುದು ಸಹಜ. ಆದರೆ ಬ್ರೌಸರಿನ ನಡತೆಗೆ ಬಲವಾದ ಕಾರಣವಿದೆ. ನಾವು ದಿನವೂ ಎಷ್ಟೋ ಅಪರಿಚಿತ ಪುಟಗಳನ್ನು ತೆರೆಯುತ್ತೇವೆ. ಆ ಪುಟಗಳೊಳಗಿನ ಆಜ್ಞೆಗಳು ನಮ್ಮ ಯಂತ್ರದ ಯಾವ ಕಡತವನ್ನಾದರೂ ಓದಬಹುದೆಂದಾದರೆ ನಮ್ಮ ಪತ್ರಗಳು, ಬ್ಯಾಂಕಿನ ಕಾಗದಗಳು, ಅಂಕಪಟ್ಟಿಗಳು ಯಾವುವೂ ನಮ್ಮವಾಗಿ ಉಳಿಯುವುದಿಲ್ಲ. ಆದುದರಿಂದ ಒಂದು ಮೂಲದಿಂದ ಬಂದ ಪುಟವು ಬೇರೊಂದು ಮೂಲದ ವಿಷಯವನ್ನು ಅನುಮತಿಯಿಲ್ಲದೆ ಓದಬಾರದೆಂಬ ನಿಯಮವನ್ನು ೧೯೯೫ರಲ್ಲಿ ನೆಟ್‌ಸ್ಕೇಪ್ ಬ್ರೌಸರು ಜಾರಿಗೆ ತಂದಿತು. ಇದಕ್ಕೆ ಏಕಮೂಲ ನಿಯಮವೆನ್ನಬಹುದು. ಅಂದಿನಿಂದ ಎಲ್ಲ ಬ್ರೌಸರುಗಳೂ ಈ ನಿಯಮವನ್ನು ಒಪ್ಪಿ, ಕ್ರಮೇಣ ಬಿಗಿಗೊಳಿಸುತ್ತಲೇ ಬಂದಿವೆ.

ಬಡಿಸುವವನಿಗೆ ಉಗ್ರಾಣದ ಬೀಗದ ಕೈ ಕೊಡದಿರುವುದು ಮನೆಯ ಯಜಮಾನನ ವಿವೇಕ. ನಕ್ಷೆಯೊಂದು ಕಾಣಿಸಲಿಲ್ಲವೆಂದು ಬ್ರೌಸರಿನ ಈ ರಕ್ಷಣೆಯನ್ನು ತೆಗೆದುಹಾಕುವ ಉಪಾಯಗಳನ್ನು ಕೆಲವರು ಹೇಳಿಕೊಡುವುದುಂಟು. ವಿದ್ಯಾರ್ಥಿಗಳು ಆ ದಾರಿಗೆ ಹೋಗಬಾರದು. ಬಾಗಿಲು ತೆಗೆಯಲು ಕೀಲಿ ಸಿಕ್ಕದಿದ್ದರೆ ಗೋಡೆಯನ್ನೇ ಒಡೆದ ಹಾಗಾದೀತು.

ವಿಳಾಸದ ಪಕ್ಷದಲ್ಲಿರುವ ವಾದಗಳು

ಹಾಗಾದರೆ ವಿಳಾಸವನ್ನು ಕೊಡುವ ಪದ್ಧತಿ ಬೆಳೆದದ್ದು ಏತಕ್ಕೆ? ಅದಕ್ಕೂ ಕಾರಣಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗಾತ್ರ. ಅಂಕಿಗಳನ್ನೆಲ್ಲ ನಕ್ಷೆಯೊಳಗೆ ತುಂಬಿದರೆ ನೋಟ್‌ಬುಕ್ಕು ಉಬ್ಬುತ್ತದೆ. ಹತ್ತು ನಕ್ಷೆಗಳಿದ್ದರೆ ಅದೇ ಪಟ್ಟಿಯ ಹತ್ತು ಪ್ರತಿಗಳು ಒಳಸೇರಬಹುದು. ಇದನ್ನು ತಡೆಯುವುದಕ್ಕಾಗಿಯೇ ಆಲ್ಟೇರ್ ತನ್ನ ಸಹಜಸ್ಥಿತಿಯಲ್ಲಿ ೫,೦೦೦ ಸಾಲುಗಳಿಗಿಂತ ದೊಡ್ಡ ಪಟ್ಟಿಯನ್ನು ಒಳಗೆ ಸೇರಿಸಲು ಒಪ್ಪದೆ ತಡೆಯುತ್ತದೆ. ಅನೇಕರು ವಿಳಾಸದ ಮಾರ್ಗವನ್ನು ಹಿಡಿಯುವುದು ಈ ತಡೆ ಎದುರಾದ ಮೇಲೆ.

ಆದರೆ ಈ ಮಿತಿ ನಮಗೆ ಎಷ್ಟು ಇಕ್ಕಟ್ಟಾದುದೆಂದು ಲೆಕ್ಕ ಹಾಕಿ ನೋಡಬೇಡವೆ? ದಿನಕ್ಕೆ ಒಂದು ಸಾಲಿನಂತೆ ಒಂದು ತಾಲ್ಲೂಕಿನ ಮಳೆಯನ್ನು ಬರೆದರೆ ಹದಿಮೂರು ವರ್ಷಗಳಿಗೆ ಸುಮಾರು ೪,೭೫೦ ಸಾಲುಗಳಾಗುತ್ತವೆ. ಹದಿನಾಲ್ಕನೆಯ ವರ್ಷದಲ್ಲಿ ಮಿತಿ ಮೀರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡನ್ನೂ ಸೇರಿಸಿದರೆ ಏಳನೆಯ ವರ್ಷದಲ್ಲಿಯೇ ಮೀರುತ್ತದೆ. ಆದರೆ ದಿನದ ಮಳೆಯನ್ನು ತಿಂಗಳ ಮೊತ್ತವಾಗಿ ಮೊದಲೇ ಕೂಡಿಸಿಕೊಂಡರೆ ಎರಡೂ ತಾಲ್ಲೂಕುಗಳ ಪೂರ್ತಿ ನೂರು ವರ್ಷಗಳ ಪಟ್ಟಿ ೨,೪೦೦ ಸಾಲುಗಳಲ್ಲಿ ಮುಗಿಯುತ್ತದೆ. ನೂರು ವರ್ಷಗಳ ದೈನಂದಿನ ಬಿಂದುಗಳನ್ನು ಅಂಗೈಯಗಲದ ನಕ್ಷೆಯಲ್ಲಿ ತುಂಬಿದರೆ ಕಣ್ಣಿಗೆ ಕಾಣುವುದು ಮಸಿಯ ಕಲೆಯೇ ಹೊರತು ಮಳೆಯಲ್ಲ. ಮಿತಿ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ‘ನನ್ನ ನಕ್ಷೆಗೆ ಇಷ್ಟೂ ಸಾಲುಗಳು ಅವಶ್ಯಕವೆ?’ ಎಂಬುದು.

ಇನ್ನು ಐದು ಸಾವಿರ ಸಾಲುಗಳೆಂದರೆ ಎಷ್ಟು ಭಾರ? ಪ್ರತಿ ಸಾಲಿನಲ್ಲಿ ದಿನಾಂಕ, ಮಳೆಯ ಪ್ರಮಾಣ ಮತ್ತು ಅವುಗಳ ಶೀರ್ಷಿಕೆಗಳು ಸೇರಿ ನಲವತ್ತು ಅಕ್ಷರಗಳೆಂದು ಇಟ್ಟುಕೊಂಡರೂ ಒಟ್ಟು ಎರಡು ಲಕ್ಷ ಅಕ್ಷರಗಳಾದವು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರ ಸಾಧಾರಣವಾಗಿ ಇದರ ಹತ್ತು ಪಾಲು ಜಾಗವನ್ನು ಹಿಡಿಯುತ್ತದೆ. ಛಾಯಾಚಿತ್ರಗಳನ್ನು ಲೆಕ್ಕವಿಲ್ಲದೆ ಕಳುಹಿಸುವ ನಾವು ಮಳೆಯ ಪಟ್ಟಿಯೊಂದಕ್ಕೆ ಜಿಪುಣತನ ತೋರಬೇಕಾಗಿಲ್ಲ.

ಎರಡನೆಯ ವಾದ ಪ್ರತಿಗಳ ವ್ಯತ್ಯಾಸದ್ದು. ಒಂದೇ ಪಟ್ಟಿ ಹತ್ತು ಕಡೆ ಇದ್ದರೆ, ಒಂದು ಕಡೆ ತಿದ್ದಿದ ಅಂಕಿ ಒಂಬತ್ತು ಕಡೆ ತಿದ್ದದೆ ಉಳಿಯುತ್ತದೆ. ಎಲ್ಲರೂ ಒಂದೇ ಮೂಲವನ್ನು ನೋಡಿದರೆ ಈ ತೊಡಕಿಲ್ಲ. ಇದು ಸತ್ಯವಾದ ಮಾತು. ಆದರೂ ಪ್ರತಿಗಳಿಂದ ಒಂದು ಉಪಕಾರವೂ ಉಂಟು. ಜಟಿಂಗರಾಮೇಶ್ವರದ ಶಾಸನ ಬಹಳವಾಗಿ ಸವೆದಿದೆ. ಅಲ್ಲಿ ಓದಲಾಗದುದನ್ನು ಬ್ರಹ್ಮಗಿರಿಯ ಪಾಠದಿಂದ ತುಂಬಿಕೊಳ್ಳಲು ಸಾಧ್ಯವಾಗಿದೆ. ಪ್ರತಿಗಳು ಒಂದರಿಂದೊಂದು ಬೇರೆಯಾಗಬಹುದು, ಒಂದನ್ನೊಂದು ಕಾಪಾಡಲೂಬಹುದು. ಪ್ರತಿಯೊಂದರಲ್ಲಿಯೂ ಅದರ ಮೂಲವನ್ನೂ ಅಂಕಿಗಳನ್ನು ಪಡೆದ ದಿನವನ್ನೂ ಬರೆದಿಟ್ಟರೆ ವ್ಯತ್ಯಾಸದ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಮೂರನೆಯದು ದಿನದಿನಕ್ಕೂ ಬದಲಾಗುವ ಅಂಕಿಗಳ ಮಾತು. ನಾಳೆಯ ಮಳೆ ನಾಳೆಯ ನಕ್ಷೆಯಲ್ಲಿ ಕಾಣಬೇಕಾದರೆ ಅಂಕಿಗಳನ್ನು ಒಳಗೆ ಬಂಧಿಸಿಟ್ಟು ಪ್ರಯೋಜನವಿಲ್ಲ. ಅತಿ ದೊಡ್ಡ ಪಟ್ಟಿಗಳಿಗೂ ಹೀಗೆಯೇ. ಇಂಥ ಕಡೆ ವಿಳಾಸವೇ ಯೋಗ್ಯವೆಂದು ನಾನು ಒಪ್ಪುತ್ತೇನೆ. ಆದರೆ ಅದು ಎಲ್ಲರೂ ತಲಪಬಲ್ಲ ಸಾರ್ವಜನಿಕ ವಿಳಾಸವಾಗಿರಬೇಕು, ಮತ್ತು ಆ ಸರ್ವರು ಬೇರೆ ಮೂಲದ ಪುಟಗಳು ತನ್ನನ್ನು ಓದಬಹುದೆಂಬ ಅನುಮತಿಯನ್ನು ಕೊಟ್ಟಿರಬೇಕು. ಗಿಟ್‌ಹಬ್‌ನಂಥ ಜಾಗದಲ್ಲಿ ಸಾರ್ವಜನಿಕವಾಗಿ ಇಟ್ಟ ಕಡತದ ನೇರ ವಿಳಾಸಕ್ಕೆ ಈ ಅನುಮತಿಯಿರುತ್ತದೆ. ಸ್ವಂತ ಯಂತ್ರದ ಕಡತದ ವಿಳಾಸಕ್ಕೆ ಇವೆರಡು ಗುಣಗಳಲ್ಲಿ ಒಂದೂ ಇಲ್ಲ. ‘ನನ್ನ ಮನೆಯ ಅಟ್ಟದ ಮೇಲಿದೆ’ ಎಂಬ ವಿಳಾಸ ಮನೆಯವರಿಗಲ್ಲದೆ ಇನ್ನಾರಿಗೆ ಉಪಯೋಗವಾದೀತು?

ಒಳಗೆ ಸೇರಿಸುವವರು ಅರಿತಿರಬೇಕಾದ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ನಕ್ಷೆಯಲ್ಲಿ ತರಗತಿಯ ಸರಾಸರಿ ಎತ್ತರ ಮಾತ್ರ ಕಾಣುತ್ತಿದ್ದರೂ ಒಳಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರೂ ತೂಕವೂ ಕುಳಿತಿರಬಹುದು. ನಕ್ಷೆಯನ್ನು ಪಡೆದವರು ಅದನ್ನೆಲ್ಲ ಓದಬಲ್ಲರು. ಆದುದರಿಂದ ಇತರರ ಖಾಸಗಿ ವಿವರಗಳನ್ನು ಮೊದಲೇ ತೆಗೆದುಹಾಕಿ, ನಕ್ಷೆಗೆ ಬೇಕಾದ ಮೊತ್ತಗಳನ್ನೋ ಸರಾಸರಿಗಳನ್ನೋ ಮಾತ್ರ ಸೇರಿಸುವುದು ಕರ್ತವ್ಯ.

ಉತ್ಖನನದ ವರದಿ ಕಲಿಸುವ ಪಾಠ

ಅಂಕಿಗಳು ಜೊತೆಯಲ್ಲಿದ್ದರೆ ವಿಜ್ಞಾನಕ್ಕೆ ಏನು ಲಾಭವೆಂಬುದಕ್ಕೆ ಬ್ರಹ್ಮಗಿರಿಯಲ್ಲಿಯೇ ಇನ್ನೊಂದು ನಿದರ್ಶನವಿದೆ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಇಲ್ಲಿ ನಡೆಸಿದ ಉತ್ಖನನ ದಕ್ಷಿಣ ಭಾರತದ ಪ್ರಾಕ್ತನಶಾಸ್ತ್ರದಲ್ಲಿ ಹೆಸರಾದುದು. ಕೆಳಗೆ ಕಲ್ಲಿನ ಕೊಡಲಿಯ ಸಂಸ್ಕೃತಿ, ಅದರ ಮೇಲೆ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಅದರ ಮೇಲೆ ಆಂಧ್ರ ಸಂಸ್ಕೃತಿ ಎಂದು ಅವರು ಮೂರು ಹಂತಗಳನ್ನು ಗುರುತಿಸಿದರು. ಎರಡನೆಯ ಹಂತದ ಆರಂಭವನ್ನು ಕ್ರಿಸ್ತಪೂರ್ವ ೨೦೦ರ ಸುಮಾರಿಗೆ ಇರಿಸಿದರು.

ಮುಂದೆ ಈ ಕಾಲನಿರ್ಣಯ ನಿಲ್ಲಲಿಲ್ಲ. ೧೯೬೫ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತ ವಸ್ತುಗಳ ವಿಕಿರಣ ಇಂಗಾಲದ ಪರೀಕ್ಷೆಯಿಂದ, ಕಬ್ಬಿಣದ ಬಳಕೆ ಈ ನಾಡಿನಲ್ಲಿ ಕ್ರಿಸ್ತಪೂರ್ವ ೧೦೦೦ದ ಸುಮಾರಿಗೇ ಇತ್ತೆಂದು ತಿಳಿದುಬಂತು. ವ್ಹೀಲರ್ ಅವರ ನಿರ್ಣಯ ಹೀಗೆ ಬದಲಾದರೂ ಅವರ ವರದಿಯ ಬೆಲೆ ಕುಂದಲಿಲ್ಲ. ಏಕೆಂದರೆ ಅದರಲ್ಲಿ ಕಂದಕಗಳ ಅಡ್ಡಕೊಯ್ತದ ಚಿತ್ರಗಳು, ಮಣ್ಣಿನ ಪದರಗಳ ವಿವರ, ಮಡಕೆಚೂರುಗಳ ಆಕೃತಿಗಳು ಎಲ್ಲವನ್ನೂ ನಿರ್ಣಯದ ಜೊತೆಗೇ ಅಚ್ಚುಹಾಕಿದ್ದರು. ಅವನ್ನು ಹಿಡಿದು ಮುಂದಿನವರು ಹಳೆಯ ಪದರಗಳನ್ನು ಹೊಸ ಬೆಳಕಿನಲ್ಲಿ ಮತ್ತೆ ವಿಚಾರಮಾಡಲು ಸಾಧ್ಯವಾಯಿತು. ‘ವಿವರಗಳು ನನ್ನ ಪೆಟ್ಟಿಗೆಯಲ್ಲಿವೆ’ ಎಂದು ವರದಿ ಹೇಳಿ ಸುಮ್ಮನಾಗಿದ್ದರೆ, ನಿರ್ಣಯವನ್ನು ಪೂರ್ತಿ ನಂಬುವುದು ಅಥವಾ ಪೂರ್ತಿ ತಳ್ಳಿಹಾಕುವುದು, ಇವೆರಡೇ ದಾರಿಗಳು ಉಳಿಯುತ್ತಿದ್ದವು. ತನ್ನನ್ನು ತಿದ್ದುವುದಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿಕೊಡುವ ಬರೆಹ ವೈಜ್ಞಾನಿಕ ಬರೆಹ. ವಿದ್ಯಾರ್ಥಿಯ ಮಳೆಯ ನಕ್ಷೆಗೂ ಇದೇ ನಿಯಮ ಅನ್ವಯಿಸುತ್ತದೆ.

ಆಗಬೇಕಾದುದೇನು?

ಮೂರು ಬಗೆಯ ಜನರಿಗೆ ಮೂರು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲನೆಯದಾಗಿ, ಉಪಕರಣಗಳನ್ನು ರಚಿಸುವವರಿಗೆ. ಅಂಕಿಗಳು ದೊರೆಯದಿದ್ದಾಗ ಖಾಲಿ ಚೌಕಟ್ಟನ್ನು ತೋರಿಸಿ ಮೌನವಾಗಿರುವುದು ಸಲ್ಲದು. ‘ಇಂಥ ವಿಳಾಸದ ಕಡತವನ್ನು ಓದಲಾಗಲಿಲ್ಲ’ ಎಂಬ ಒಂದು ಸಾಲು ಚೌಕಟ್ಟಿನ ಒಳಗೇ ಮೂಡಬೇಕು. ಬಡಿಸುವವನು ಖಾಲಿ ಸೌಟನ್ನು ಎಲೆಯ ಮೇಲೆ ಆಡಿಸಿ ಮುಂದೆ ಹೋಗಬಾರದು. ಪಾಯಸ ಬಂದಿಲ್ಲವೆಂದು ಬಾಯಿಬಿಟ್ಟು ಹೇಳಬೇಕು. ವಿದ್ಯಾರ್ಥಿಗಳು ವ್ಯರ್ಥವಾಗಿ ಕಳೆಯುವ ಎಷ್ಟೋ ಗಂಟೆಗಳು ಇದರಿಂದ ಉಳಿಯುತ್ತವೆ.

ಎರಡನೆಯದಾಗಿ, ಅಧ್ಯಾಪಕರಿಗೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ವಿಜ್ಞಾನದ ಅಧ್ಯಾಪಕರಿಗೆ ತರಬೇತಿ ನಡೆಯುತ್ತ ಬಂದಿರುವುದು ಈ ಸೀಮೆಯ ಭಾಗ್ಯ. ಇಲ್ಲಿಯಾಗಲಿ ಇಂಥ ಬೇರೆ ಕಡೆಗಳಲ್ಲಿಯಾಗಲಿ ನಕ್ಷೆಯ ಪಾಠ ಹೇಳುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಸೇರಿಸಬೇಕು: ಈ ಅಂಕಿಗಳನ್ನು ಓದುತ್ತಿರುವವನು ಯಾರು, ಅವನು ನಿಂತಿರುವುದು ಎಲ್ಲಿ? ಕರ್ನಲ್ಲೆ, ಬ್ರೌಸರೆ? ನನ್ನ ಯಂತ್ರದಲ್ಲೋ ದೂರದ ಯಂತ್ರದಲ್ಲೋ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ವಿದ್ಯಾರ್ಥಿ ಗಣಕಯಂತ್ರಗಳ ಜಾಲ ಹೇಗೆ ಕೆಲಸಮಾಡುತ್ತದೆಂಬುದರಲ್ಲಿ ಅರ್ಧವನ್ನು ಅರಿತಂತೆ. ನಕ್ಷೆಯನ್ನು ಅಂಕಕ್ಕಾಗಿ ಒಪ್ಪಿಸಿಕೊಳ್ಳುವ ಮುನ್ನ, ಬರೆದವರದಲ್ಲದ ಇನ್ನೊಂದು ಯಂತ್ರದಲ್ಲಿ ಅದನ್ನು ತೆರೆದು ತೋರಿಸಬೇಕೆಂಬ ನಿಯಮವನ್ನೂ ಮಾಡಬಹುದು.

ಕೊನೆಯದಾಗಿ, ವಿದ್ಯಾರ್ಥಿಮಿತ್ರರಿಗೆ. ಕಡತವನ್ನು ಕರ್ನಲ್ಲಿನಿಂದ ಓದಿಸಿ, ಬೇಕಾದಷ್ಟಕ್ಕೆ ಸಂಗ್ರಹಿಸಿ, ಅಂಕಿಗಳನ್ನು ನಕ್ಷೆಗೆ ನೇರವಾಗಿ ಒಪ್ಪಿಸಿರಿ. ಮೂಲವೆಲ್ಲಿಯದು, ಯಾವ ದಿನ ಪಡೆದದ್ದು ಎಂಬುದನ್ನು ನಕ್ಷೆಯ ಕೆಳಗೆ ಬರೆಯಿರಿ. ಕಡತದ ವಿಳಾಸವನ್ನೇ ಬಳಸಬೇಕಾದ ಅವಶ್ಯಕತೆ ಬಿದ್ದರೆ, ಪ್ರಯೋಗದ ಕಾಲಕ್ಕೆ ಪೈಥಾನಿನೊಡನೆಯೇ ಬರುವ ಪುಟ್ಟ ಸರ್ವರನ್ನು ನಿಮ್ಮ ಯಂತ್ರದಲ್ಲಿ ನಡೆಸಿ, ಪುಟವನ್ನೂ ಕಡತವನ್ನೂ ಅದರ ಮೂಲಕವೇ ತೆರೆಯಿರಿ. ಆಗ ಎರಡೂ ಒಂದೇ ಮೂಲದಿಂದ ಬಂದಂತಾಗಿ ಬ್ರೌಸರು ತಕರಾರು ಮಾಡುವುದಿಲ್ಲ. ಇತರರಿಗೆ ಕೊಡುವಾಗ ಮಾತ್ರ ಇದನ್ನು ನಂಬಬೇಡಿರಿ. ಅಂಕಿಗಳನ್ನು ಒಳಗೆ ಸೇರಿಸಿದ ಪುಟವೂ ಸಾಮಾನ್ಯವಾಗಿ ಗೆರೆ ಎಳೆಯುವ ತಂತ್ರಾಂಶವನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಆ ಸಂಪರ್ಕ ಇಲ್ಲದ ಕಡೆ ನಕ್ಷೆ ಮೂಡದೆ ಹೋದರೂ ಅಂಕಿಗಳು ಪುಟದೊಳಗೆ ಓದಬಲ್ಲ ಅಕ್ಷರಗಳಾಗಿ ಉಳಿದಿರುತ್ತವೆ. ಅವುಗಳಿಂದ ಇನ್ನೊಬ್ಬರು ಗ್ರಾಫ್ ಕಾಗದದ ಮೇಲಾದರೂ ನಕ್ಷೆಯನ್ನು ಮತ್ತೆ ಬರೆದಾರು.

ನಮ್ಮ ಸೀಮೆಯ ಮಳೆ, ಅಂತರ್ಜಲ, ಬೆಳೆ ಇವುಗಳ ಲೆಕ್ಕವನ್ನು ಇಡಬೇಕಾದವರು ನಾಳೆ ನೀವೇ. ಬರಗಾಲದ ಪರಿಹಾರ ಎಲ್ಲಿಗೆ ಸಲ್ಲಬೇಕು, ಕೆರೆಯ ಹೂಳನ್ನು ಎಲ್ಲಿ ಎತ್ತಬೇಕು ಎಂಬ ಮಾತು ಬಂದಾಗ ನಿಮ್ಮ ನಕ್ಷೆಗಳು ಗ್ರಾಮಸಭೆಯ ಮುಂದೆಯೂ ಅಧಿಕಾರಿಗಳ ಮುಂದೆಯೂ ನಿಲ್ಲಬೇಕಾದೀತು. ಆ ದಿನ ನೀವು ಅಲ್ಲಿ ಇರುತ್ತೀರೆಂಬ ಭರವಸೆಯಿಲ್ಲ. ನಿಮ್ಮ ಯಂತ್ರವಂತೂ ಇರುವುದಿಲ್ಲ. ಅಂಕಿಗಳನ್ನು ನಕ್ಷೆಯ ಜೊತೆಯಲ್ಲಿಯೇ ಕಳುಹಿಸಿದ್ದರೆ ಅದು ನಿಮ್ಮ ಪರವಾಗಿ ತಾನೇ ಉತ್ತರ ಹೇಳಬಲ್ಲದು.